ಮನೆ ಹಿಂದಿನ ಕೆರೆ, ಕೆರೆಯೊಳಗಿನ ಗೇಟರ್

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡೋದು ಅಮೆರಿಕದ ಫ್ಲಾರಿಡಾ ರಾಜ್ಯದ ಮೊಸಳೆ ಬಗ್ಗೆ, ಇಲ್ಲಿನವರು ಗೇಟರ್ ಅಂತಾರಲ್ಲ, ಆ ಅಲಿಗೇಟರ್ ಬಗ್ಗೆ. ಟ್ಯಾಂಪಾ, ಒರ್ಲ್ಯಾಂಡೊ, ಜಾಕ್ಸನ್‌ವಿಲ್ ಕಡೆ ನೆಲೆಸಿರೋ ನಮ್ಮವರಿಗೆ ಇದೇನು ಹೊಸದಲ್ಲ, ನಾಲ್ಕು ವರ್ಷ ಇದ್ದವರು ಗೇಟರ್ ಕಂಡ್ರೆ ಫೋಟೊ ಕೂಡ ತೆಗೆಯಲ್ಲ. ಆದ್ರೆ ಊರಿಂದ ಅಪ್ಪ ಅಮ್ಮ ಬರ್ತಾರೆ, ಅತ್ತೆ ಮಾವ ಬರ್ತಾರೆ, ಆರು ತಿಂಗಳು ಇರ್ತಾರೆ, ಬೆಳಗಿನ ಜಾವ ಐದೂವರೆಗೇ ಎದ್ದು ಶಾಲು ಹೊದ್ದು ವಾಕಿಂಗ್ ಹೊರಡ್ತಾರೆ, ಆ ವಾಕಿಂಗ್ ದಾರಿ ಇರೋದೇ ಕೆರೆ ಪಕ್ಕದಲ್ಲಿ. ಅವರಿಗೋಸ್ಕರ ಈ ಮಾತು.

ಮೊದಲು ಆ ಕೆರೆ ಯಾಕಿದೆ ಅಂತ ಹೇಳ್ಬಿಡ್ತೀನಿ. ಫ್ಲಾರಿಡಾ ಅಂದ್ರೆ ತಟ್ಟೆ ಥರ ಸಪಾಟು ನೆಲ, ಸ್ವಲ್ಪ ಅಗೆದ್ರೆ ನೀರು, ಮೇಲಿಂದ ಬೇಸಿಗೆ ಪೂರ್ತಿ ಮಧ್ಯಾಹ್ನದ ಗುಡುಗು ಮಳೆ. ಹೊಸ ಬಡಾವಣೆ ಕಟ್ಟೋರು ಆ ಮಳೆನೀರು ನಿಲ್ಲೋಕೆ ಜಾಗ ಮಾಡ್ಲೇಬೇಕು, ಹಂಗಾಗಿ ಗುಂಡಿ ತೋಡ್ತಾರೆ, ತೋಡಿದ ಮಣ್ಣನ್ನ ಸೈಟ್‌ಗಳಿಗೆ ಹಾಕಿ ಎತ್ತರಿಸ್ತಾರೆ, ಗುಂಡಿಗೆ ರಿಟೆನ್ಷನ್ ಪಾಂಡ್ ಅಂತ ಹೆಸರು, ಆಮೇಲೆ ಅದನ್ನೇ ವಾಟರ್ ವ್ಯೂ ಅಂತ ತೋರಿಸಿ ನಮ್ಮ ಹತ್ರ ಜಾಸ್ತಿ ದುಡ್ಡು ಇಸ್ಕೋತಾರೆ. ಆ ಗುಂಡಿಗೆ ಮೀನು ಬರುತ್ತೆ, ಆಮೆ ಬರುತ್ತೆ, ಕೊಕ್ಕರೆ ಬರುತ್ತೆ, ಹಿಂದೇನೇ ಗೇಟರ್ ಬರುತ್ತೆ. ಯಾರೂ ತಂದು ಬಿಟ್ಟಿದ್ದಲ್ಲ. ಒಂದು ಕೆರೆಯಿಂದ ಇನ್ನೊಂದಕ್ಕೆ ರಾತ್ರಿ ಹೊತ್ತು ರಸ್ತೆ ದಾಟ್ಕೊಂಡು, ಚರಂಡಿ ಪೈಪಿನೊಳಗೆ ನುಸುಳ್ಕೊಂಡು ನಡೆದೇ ಹೋಗ್ತಾವೆ. ನಿನ್ನೆ ಇರಲಿಲ್ಲ ಅನ್ನೋ ಲೆಕ್ಕಕ್ಕೆ ಇವತ್ತು ಅರ್ಥ ಇಲ್ಲ.

ಈ ರಾಜ್ಯದ 67 ಕೌಂಟಿಗಳಲ್ಲೂ, ಅಂದ್ರೆ ನಮ್ಮ ಜಿಲ್ಲೆ ಥರದ ಭಾಗಗಳಲ್ಲೆಲ್ಲ, ಗೇಟರ್ ಇವೆ, ಒಟ್ಟು ಸುಮಾರು 13 ಲಕ್ಷ ಅಂತ ಇಲ್ಲಿನ ವನ್ಯಜೀವಿ ಇಲಾಖೆ ಅಂದಾಜು. ಚರ್ಮದ ಆಸೆಗೆ ಬೇಟೆಯಾಡಿ ಆಡಿ 1967ರಲ್ಲಿ ಇದನ್ನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸೋ ಸ್ಥಿತಿ ಬಂದಿತ್ತು, ಇಪ್ಪತ್ತೇ ವರ್ಷದಲ್ಲಿ, 1987ಕ್ಕೆ, ಸಂಖ್ಯೆ ಚೇತರಿಸಿಕೊಂಡಿದೆ ಅಂತ ಘೋಷಿಸಿದ್ರು. ಅಷ್ಟರಲ್ಲಿ ಜನಾನೂ ಬೆಳೆದ್ರು, ಈಗ ರಾಜ್ಯದ ಜನಸಂಖ್ಯೆ ಎರಡು ಕೋಟಿ ದಾಟಿದೆ, ಎಲ್ಲರಿಗೂ ನೀರಿನ ಪಕ್ಕದಲ್ಲೇ ಮನೆ ಬೇಕು.

ಹಾಗಿದ್ರೆ ದಿನಾ ಯಾರನ್ನಾದ್ರೂ ಕಚ್ತಾ ಇರ್ಬೇಕಲ್ಲ? ಇಲ್ಲ. ನಾವಾಗಿ ಕೆಣಕದೆ ಗೇಟರ್ ಕಚ್ಚಿ, ಡಾಕ್ಟರ್ ಹತ್ರ ಹೋಗೋವಷ್ಟು ಗಾಯ ಆಗೋದು ಇಡೀ ರಾಜ್ಯಕ್ಕೆ ವರ್ಷಕ್ಕೆ ಸರಾಸರಿ ಎಂಟು ಸಲ. ಅಷ್ಟೇ. ಇಲ್ಲಿನ ಹೈವೇಲಿ ಗಾಡಿ ಓಡಿಸೋದು ಇದಕ್ಕಿಂತ ಎಷ್ಟೋ ಪಾಲು ಅಪಾಯ. ಅದಕ್ಕೇ ಗೇಟರ್ ಕಂಡ ತಕ್ಷಣ ಮನೆ ಮಾರೋ ಮಾತಾಡೋರನ್ನ ಕಂಡ್ರೆ ನನಗೆ ನಗು ಬರುತ್ತೆ, ಇಷ್ಟು ವರ್ಷ ಏನೂ ಮಾಡಿಲ್ಲ ಅಂತ ಕೆರೆ ದಂಡೆ ಮೇಲೆ ಮಗೂನ ಆಟಕ್ಕೆ ಬಿಡೋರನ್ನ ಕಂಡ್ರೆ ಕೋಪ ಬರುತ್ತೆ.

2016ರ ಜೂನ್‌ನಲ್ಲಿ ಡಿಸ್ನಿ ವರ್ಲ್ಡ್‌ನ ಒಂದು ರೆಸಾರ್ಟ್‌ನಲ್ಲಿ ಏನಾಯ್ತು ಅಂತ ತುಂಬ ಜನಕ್ಕೆ ನೆನಪಿರುತ್ತೆ. ಹೊರರಾಜ್ಯದಿಂದ ಬಂದ ಕುಟುಂಬ, ಎರಡು ವರ್ಷದ ಮಗು, ರಾತ್ರಿ ಹೊತ್ತು, ಮರಳಿನ ದಂಡೆ, ಮಗು ಅಂಚಿನ ತೀರಾ ಆಳವಿಲ್ಲದ ನೀರಲ್ಲಿತ್ತು, ತಂದೆ ಪಕ್ಕದಲ್ಲೇ ಇದ್ರು, ನೀರಿಗಿಳಿದು ಹೋರಾಡಿದ್ರು, ಆದ್ರೂ ಉಳಿಸಿಕೊಳ್ಳೋಕೆ ಆಗ್ಲಿಲ್ಲ. ಅಲ್ಲಿ ಈಜಬೇಡಿ ಅಂತ ಬೋರ್ಡ್ ಇತ್ತು, ಮೊಸಳೆ ಇದೆ ಅಂತ ಇರಲಿಲ್ಲ. ಆಮೇಲೆ ಬೋರ್ಡ್ ಬದಲಾಯ್ತು, ಬೇಲಿ ಬಂತು, ದಂಡೆಗೆ ಕಲ್ಲು ಜೋಡಿಸಿದ್ರು. 2023ರ ಫೆಬ್ರವರಿಲಿ ಫೋರ್ಟ್ ಪಿಯರ್ಸ್ ಅನ್ನೋ ಊರಲ್ಲಿ 85 ವರ್ಷದ ಒಬ್ಬ ಅಜ್ಜಿ ತಮ್ಮ ನಾಯಿ ಕರ್ಕೊಂಡು ಕೆರೆ ಪಕ್ಕ ಹೋಗ್ತಿದ್ರು, ಗೇಟರ್ ಬಂದಿದ್ದು ನಾಯಿಗೆ, ಹೋಗಿದ್ದು ಅಜ್ಜಿ ಜೀವ.

ಎರಡು ಘಟನೇಲೂ ಗಮನಿಸಿ, ಯಾರೂ ಕೆರೆ ಮಧ್ಯಕ್ಕೆ ಹೋಗಿರಲಿಲ್ಲ. ಎಲ್ಲಾ ಆಗಿದ್ದು ಅಂಚಿನಲ್ಲಿ. ಗಜೇಂದ್ರ ಮೋಕ್ಷದ ಕಥೆ ನಮ್ಮ ಹಿರಿಯರಿಗೆ ಬಾಯಿಪಾಠ, ಆನೆಯಂಥ ಆನೆ ಸಿಕ್ಕಿಬಿದ್ದಿದ್ದು ನೀರಿಗಿಳಿದಾಗ. ಗೇಟರ್ ನೆಲದ ಮೇಲೆ ನಮ್ಮನ್ನ ಅಟ್ಟಿಸಿಕೊಂಡು ಬರೋ ಪ್ರಾಣಿ ಅಲ್ಲ, ಅಂಚಿನ ನೀರಲ್ಲಿ ಕಣ್ಣು ಮೂಗು ಮಾತ್ರ ಮೇಲಿಟ್ಟು, ಕೆಲವು ಸಲ ಅದೂ ಇಲ್ದೆ, ಕಾಯೋ ಪ್ರಾಣಿ. ಅಟ್ಟಿಸಿಕೊಂಡು ಬಂದ್ರೆ ಅಂಕುಡೊಂಕಾಗಿ ಓಡಿ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದನ್ನ ಮರೆತುಬಿಡಿ, ನೆಟ್ಟಗೆ ನೀರಿಗೆ ಬೆನ್ನು ಮಾಡಿ ಓಡಿ, ಸ್ವಲ್ಪ ದೂರಕ್ಕೇ ಅದು ಸುಸ್ತಾಗುತ್ತೆ. ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿನವರು ಕನಿಷ್ಠ 15 ಅಡಿ ದೂರ ಇರಿ ಅಂತಾರೆ, ನನ್ನ ಕೇಳಿದ್ರೆ ಮಕ್ಕಳು ಜೊತೆಗಿದ್ರೆ ಅದು ಏನೇನೂ ಸಾಲದು. ಬಾಯಿ ತೆರೆದು ಬುಸ್ ಅಂದ್ರೆ ನೀವು ಆಗ್ಲೇ ತುಂಬ ಹತ್ರ ಹೋಗಿದೀರ ಅಂತ ಲೆಕ್ಕ.

ಇನ್ನು ಹೊತ್ತು. ಇದು ತಣ್ಣನೆ ರಕ್ತದ ಪ್ರಾಣಿ, ಮೈ ಬಿಸಿಯಾದ್ರೇನೇ ಹೊಟ್ಟೆ ಕೆಲಸ ಮಾಡೋದು. ಹವೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ್ರೆ ಹೆಚ್ಚುಕಮ್ಮಿ ತಿನ್ನೋದೇ ಬಿಡುತ್ತೆ, ಚಳಿಗಾಲದಲ್ಲಿ ಬಿಸಿಲಿಗೆ ಬಿದ್ಕೊಂಡಿರುತ್ತೆ, ಅದಕ್ಕೇ ಡಿಸೆಂಬರ್‌ನಲ್ಲಿ ಬಂದವರು ಏನಪ್ಪಾ ಇದು ಬೊಂಬೆನಾ ಅಂತಾರೆ. ಹಂಗಂತ ಚಳಿಗಾಲ ಅಂದ್ರೆ ಪೂರ್ತಿ ನಿಶ್ಚಿಂತೆ ಅಂತಲ್ಲ, ಆ ಅಜ್ಜಿ ಹೋಗಿದ್ದು ಫೆಬ್ರವರಿಲೇ. ಏಪ್ರಿಲ್‌ನಿಂದ ಜೋಡಿ ಹುಡುಕೋ ಕಾಲ, ಆಗ ಓಡಾಟ ಜಾಸ್ತಿ, ಗ್ಯಾರೇಜು, ಸ್ವಿಮ್ಮಿಂಗ್ ಪೂಲು, ಮುಂಬಾಗಿಲು ಎಲ್ಲಾ ಕಡೆ ಕಾಣಿಸಿಕೊಳ್ಳೋದು ಆಗಲೇ. ದಿನದಲ್ಲಿ ಅಂದ್ರೆ ಸಂಜೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅದರ ಬೇಟೆ ಹೊತ್ತು, ಅಂದ್ರೆ ನಮ್ಮ ಅಪ್ಪಂದಿರ ಐದೂವರೆ ವಾಕಿಂಗ್ ಹೊತ್ತು. ಅವರನ್ನ ತಡೆಯೋದು ಯಾರಿಂದಾದ್ರೂ ಆಗುತ್ತಾ, ಆಗಲ್ಲ. ಕೆರೆ ದಾರಿ ಬಿಟ್ಟು ಮನೆಗಳ ಮುಂದಿನ ಫುಟ್‌ಪಾತ್ ಮೇಲೆ ಹೋಗಿ ಅಂತ ಒಪ್ಪಿಸಿ, ಸಾಕು. ನಾಯಿ ಇದ್ರೆ ಗಿಡ್ಡ ಬೆಲ್ಟು, ನೀರಿನ ಅಂಚಿಗೆ ಮೂಸೋಕೆ ಬಿಡೋದೇ ಬೇಡ, ಗೇಟರ್‌ಗೆ ನಾಯಿ ಅಂದ್ರೆ ದಿನನಿತ್ಯದ ಬೇಟೆಯ ಅಳತೇನೇ.

ಈಗ ಊಟ ಹಾಕೋ ವಿಷಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಹೇಳ್ಬೇಕಾಗಿದ್ದು ಇದೇ. ಕಾಸರಗೋಡಿನ ಅನಂತಪುರ ಕ್ಷೇತ್ರದ ಬಬಿಯಾ ನಿಮಗೆ ಗೊತ್ತಿರುತ್ತೆ, ದೇವಸ್ಥಾನದ ಕೆರೇಲಿ ಇದ್ದ ಮೊಸಳೆ, ಪ್ರಸಾದ ತಿಂದುಕೊಂಡಿತ್ತು, 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಹೋಗಿ ನಮಸ್ಕಾರ ಮಾಡಿ ಬಂದ್ರು. ಆ ಭಕ್ತಿ ದೊಡ್ಡದು, ನಾನೂ ಕೈ ಮುಗಿಯೋನೇ. ಆದ್ರೆ ಅದೇ ಮನಸ್ಸಲ್ಲಿ ಇಲ್ಲಿಯ ಕೆರೆಗೆ ಒಂದು ತುತ್ತು ಎಸೆದ್ರೆ ಅದು ಕಾನೂನಿನ ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯವಾಗಿ ಆ ಗೇಟರ್‌ಗೆ ಮರಣದಂಡನೆ. ಸಹಜವಾಗಿ ಅದು ಮನುಷ್ಯರನ್ನ ಕಂಡ್ರೆ ಸರಿದು ಹೋಗುತ್ತೆ. ನಾಲ್ಕು ಸಲ ಊಟ ಸಿಕ್ತು ಅಂದ್ಕೊಳಿ, ಮನುಷ್ಯ ಬಂದ್ರೆ ಊಟ ಬಂತು ಅಂತ ಕಲಿಯುತ್ತೆ, ಆಮೇಲೆ ದಂಡೆ ಮೇಲೆ ನಿಂತ ಪಕ್ಕದ ಮನೆ ಮಗೂನ ನೋಡಿದಾಗ್ಲೂ ಹತ್ರ ಬರುತ್ತೆ, ಆಗ ಅದನ್ನ ಹಿಡಿದು ಕೊಲ್ಲಬೇಕಾಗುತ್ತೆ.

ನಾವು ಗೇಟರ್‌ಗೆ ಎಲ್ಲಿ ಹಾಕ್ತೀವಿ, ನಾವು ಮೀನಿಗೆ ಹಾಕ್ತೀವಿ ಅಂತೀರ ಅಲ್ವಾ? ನಿನ್ನೆಯ ಚಪಾತಿ, ಮಿಕ್ಕಿದ ಅನ್ನ, ಎಸೆಯೋಕೆ ಮನಸ್ಸು ಬರದೆ ಅಮ್ಮ ತಗೊಂಡು ಹೋಗಿ ಕೆರೆಗೆ ಹಾಕ್ತಾರೆ, ಮೀನು ಬಾತುಕೋಳಿ ಆಮೆ ಎಲ್ಲಾ ಮುತ್ತಿಕೊಳ್ತಾವೆ, ಅಮ್ಮನಿಗೆ ಖುಷಿ. ದಿನಾ ಒಂದೇ ಜಾಗ, ಒಂದೇ ಹೊತ್ತು, ಅಷ್ಟೊಂದು ಮೀನು ಆಮೆ ಸೇರೋ ಕಡೆ ಗೇಟರ್ ಬಂದು ಕಾಯದೆ ಇರುತ್ತಾ. ಗಾಳ ಹಾಕೋರು ಮೀನು ಕೊಯ್ದು ಉಳಿದಿದ್ದನ್ನ ನೀರಿಗೇ ಎಸೀಬೇಡಿ, ಕಸದ ಡಬ್ಬಿಗೆ ಹಾಕಿ ಅಂತ ಇಲಾಖೆಯವರು ಬಡ್ಕೊಳ್ಳೋದೂ ಇದಕ್ಕೇ.

ಅದೇ ಥರ ಗಣೇಶ ಹಬ್ಬ. ಗೇಟರ್ ಜೂನ್ ಜುಲೈನಲ್ಲಿ ಗೂಡು ಕಟ್ಟಿ ಮೂವತ್ತು ನಲವತ್ತು ಮೊಟ್ಟೆ ಇಡುತ್ತೆ, ಮರಿ ಹೊರಬರೋದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಶುರುವಿನವರೆಗೆ, ತಾಯಿ ಪಕ್ಕದಲ್ಲೇ ಕಾವಲು ಇರುತ್ತೆ. ನಮ್ಮ ಗೌರಿ ಗಣೇಶ ಬೀಳೋದೂ ಹೆಚ್ಚಾಗಿ ಆ ಸುಮಾರಿಗೇ. ಸಂಜೆ ಹೊತ್ತಲ್ಲಿ ಮೊಣಕಾಲುದ್ದ ನೀರಿಗಿಳಿದು ಮೋರಯಾ ಅನ್ನೋದು ಬೇಡ್ವೇ ಬೇಡ, ದೊಡ್ಡ ಬಕೆಟ್‌ನಲ್ಲಿ ವಿಸರ್ಜನೆ ಮಾಡಿ, ಮಣ್ಣು ಗಿಡಕ್ಕೆ ಹಾಕಿ, ಗಣಪತಿ ಏನೂ ಬೇಜಾರು ಮಾಡ್ಕೊಳಲ್ಲ. ಅಂಚಲ್ಲಿ ಗೇಣುದ್ದದ ಹಳದಿ ಪಟ್ಟೆ ಮರಿ ಕಂಡ್ರೆ, ಕೀಚಲು ದನಿ ಕೇಳಿದ್ರೆ, ಮುದ್ದಾಗಿದೆ ಅಂತ ಬಗ್ಗಬೇಡಿ, ಹಿಂದೆ ಸರಿಯಿರಿ. ಮುಟ್ಟೋದು ಕಾನೂನಿಗೂ ವಿರುದ್ಧ.

ಆಗಬಾರದು, ಆದ್ರೂ ಕಚ್ಚಿಯೇ ಬಿಟ್ರೆ ಸುಮ್ನೆ ಇರಬೇಡಿ, ಕಿರುಚಿ, ಒದೆಯಿರಿ, ಕಣ್ಣಿಗೆ ಬೆರಳು ಹಾಕಿ, ಬೇಟೆ ತಿರುಗಿ ಬಿದ್ರೆ ಎಷ್ಟೋ ಸಲ ಬಿಟ್ಟುಬಿಡುತ್ತೆ. ಗಾಯ ಚಿಕ್ಕದಾದ್ರೂ ಆಸ್ಪತ್ರೆಗೆ ಹೋಗ್ಲೇಬೇಕು, ಅದರ ಬಾಯಲ್ಲಿರೋ ಬ್ಯಾಕ್ಟೀರಿಯಾದಿಂದ ಕೀವಾಗುತ್ತೆ, ಅರಿಶಿನ ಹಚ್ಚಿ ಕೂರೋ ಗಾಯ ಅಲ್ಲ.

ಕೊನೇದಾಗಿ, ಯಾವಾಗ ಫೋನ್ ಮಾಡ್ಬೇಕು. ಇಲಾಖೆಯ ಗೇಟರ್ ಸಹಾಯವಾಣಿ 866-392-4286. ನಾಲ್ಕಡಿಗಿಂತ ಉದ್ದ ಇದ್ದು, ಜನಕ್ಕೋ ಸಾಕುಪ್ರಾಣಿಗೋ ಅಪಾಯ ಅನ್ನಿಸಿದ್ರೆ ಟ್ರ್ಯಾಪರ್‌ನ, ಅಂದ್ರೆ ಗೇಟರ್ ಹಿಡಿಯೋರನ್ನ, ಕಳಿಸ್ತಾರೆ. ನೀರಲ್ಲಿ ತಲೆ ಮಾತ್ರ ಕಾಣ್ತಿದ್ರೆ ಉದ್ದ ಹೆಂಗೆ ಗೊತ್ತಾಗುತ್ತೆ ಅಂದ್ರೆ, ಕಣ್ಣಿಂದ ಮೂಗಿನ ತುದಿಗೆ ಎಷ್ಟು ಇಂಚು ಕಾಣುತ್ತೋ ಹೆಚ್ಚುಕಮ್ಮಿ ಅಷ್ಟು ಅಡಿ ಉದ್ದ. ಫೋನ್ ಮಾಡೋ ಮುಂಚೆ ಒಂದು ಗೊತ್ತಿರಲಿ, ಟ್ರ್ಯಾಪರ್ ಹಿಡಿದ ದೊಡ್ಡ ಗೇಟರ್‌ನ ಸಾಮಾನ್ಯವಾಗಿ ಬೇರೆ ಕೆರೆಗೆ ಬಿಡಲ್ಲ, ಬಿಟ್ರೆ ಅದು ವಾಪಸ್ ಹಳೇ ಜಾಗಕ್ಕೇ ಬರೋಕೆ ನೋಡುತ್ತೆ, ಅದಕ್ಕೇ ಕೊಲ್ತಾರೆ. ಆಚೆ ದಡದಲ್ಲಿ ಬಿಸಿಲು ಕಾಯ್ತಾ ಬಿದ್ದಿರೋದಕ್ಕೆಲ್ಲ ಫೋನ್ ಮಾಡ್ಬೇಡಿ ಅನ್ನೋದು ನನ್ನ ಅಭಿಪ್ರಾಯ, ಅದರ ಪಾಡಿಗೆ ಅದಿದೆ. ನೀವು ದಂಡೆಗೆ ಬಂದ ತಕ್ಷಣ ನಿಮ್ಮ ಕಡೆಗೇ ಈಜ್ಕೊಂಡು ಬಂತಾ, ನೀವು ಸರಿದ್ರೂ ಅದು ಸರೀತಿಲ್ವಾ, ಯಾರೋ ಅದಕ್ಕೆ ಊಟ ಹಾಕಿ ಅಭ್ಯಾಸ ಮಾಡ್ಸಿದಾರೆ. ಆವತ್ತೇ ಫೋನ್ ಮಾಡಿ, ಮಾಡಿದ್ಮೇಲೆ ಬಡಾವಣೆಯ ಗ್ರೂಪಿನಲ್ಲೂ ಹಾಕಿ, ಅಮ್ಮನ ಚಪಾತಿ ಡಬ್ಬ ಎಲ್ಲಿಗೆ ಹೋಗ್ತಿದೆ ಅಂತಾನೂ ಒಂದ್ಸಲ ವಿಚಾರಿಸಿ. ನಮಸ್ಕಾರ.