ಎದೆಗೆ ಟ್ಯೂಬ್ ಹಾಕುವಾಗ ಒಂದೇ ಇಂಜೆಕ್ಷನ್ ಸಾಕು

ಕೇಳುಗರಿಗೆಲ್ಲ ನಮಸ್ಕಾರ. ಹಾಸನ ಆಕಾಶವಾಣಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಈ ಹತ್ತು ನಿಮಿಷದಲ್ಲಿ ನಾನು ಹೇಳುವುದು ಒಂದೇ ವಿಷಯ. ಅದನ್ನೇ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈಗ ಮೆಣಸು ಕೊಯ್ಲಿನ ಸಮಯ. ಸಕಲೇಶಪುರ, ಬೇಲೂರು, ಆಲೂರು ಕಡೆ ಬೆಳಿಗ್ಗೆಯೇ ಏಣಿ ಹೊತ್ತುಕೊಂಡು ಜನ ತೋಟಕ್ಕೆ ಹೋಗಿರುತ್ತಾರೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ 20, 30 ಅಡಿ ಎತ್ತರ ಹೋಗಿರುತ್ತದೆ. ಏಣಿ ಜಾರಿದರೆ ಮನುಷ್ಯ ಬೀಳುವುದು ಎಷ್ಟೋ ಸಲ ಪಕ್ಕೆಯ ಮೇಲೆ. ಘಾಟಿಯಲ್ಲಿ ಬೈಕ್ ಬಿದ್ದರೂ ಹಾಗೆಯೇ. ಪಕ್ಕೆಲುಬು ಮುರಿಯುತ್ತದೆ, ಅದರ ಚೂಪು ತುದಿ ಒಳಗೆ ಶ್ವಾಸಕೋಶಕ್ಕೆ ಚುಚ್ಚುತ್ತದೆ.

ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಒಂದು ಸಣ್ಣ ಸಂದು ಇದೆ. ಮಾಮೂಲಿಯಾಗಿ ಅಲ್ಲಿ ಒಂದೆರಡು ಚಮಚ ದ್ರವ ಬಿಟ್ಟರೆ ಏನೂ ಇರುವುದಿಲ್ಲ. ಪೆಟ್ಟು ಬಿದ್ದಾಗ ಆ ಸಂದಿಗೆ ಗಾಳಿ ನುಗ್ಗುತ್ತದೆ, ರಕ್ತ ತುಂಬುತ್ತದೆ. ಒಂದು ಪಕ್ಕದಲ್ಲೇ ಎರಡು ಲೀಟರ್‌ಗಿಂತ ಜಾಸ್ತಿ ರಕ್ತ ನಿಲ್ಲಬಹುದು. ಶ್ವಾಸಕೋಶ ಮುದುಡಿಕೊಂಡು ಮನುಷ್ಯ ಏದುಸಿರು ಬಿಡುತ್ತಾನೆ. ಆಗ ನಾವು ಕಂಕುಳಿನ ಕೆಳಗೆ, ಪಕ್ಕೆಲುಬುಗಳ ನಡುವೆ, ಒಂದು ಟ್ಯೂಬ್ ಹಾಕಿ ಅದರ ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿ ಇಡುತ್ತೇವೆ. ಆಸ್ಪತ್ರೆಯಲ್ಲಿ ಇದಕ್ಕೆ ಐಸಿಡಿ ಅನ್ನುತ್ತಾರೆ. ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರುತ್ತದೆ, ನೀರು ಅಡ್ಡ ಇರುವುದರಿಂದ ವಾಪಸ್ ಹೋಗುವುದಿಲ್ಲ. ಜರ್ಮನಿಯ ಗೊಟ್‌ಹಾರ್ಡ್ ಬ್ಯೂಲಾವ್ ಎಂಬ ವೈದ್ಯರು 1875ರಲ್ಲೇ ಎದೆಯ ಕೀವು ತೆಗೆಯಲು ಈ ನೀರಿನ ಉಪಾಯ ಬಳಸಿದ್ದರು. ಇವತ್ತಿಗೂ ಅದೇ ನಡೆಯುತ್ತಿದೆ. ನನಗೆ ಇದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಈಗ ನನ್ನ ವಿಷಯ. ಟ್ಯೂಬ್ ಹಾಕುವ ಹೊತ್ತಿಗೆ ಒಂದು ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕು. ಹಾಕುವ ಹೊತ್ತಿಗೆ. ಮಾರನೆಯ ದಿನ ಅಲ್ಲ, ವಾರವಿಡೀ ಅಲ್ಲ. ಸಾಮಾನ್ಯವಾಗಿ ಕೊಡುವುದು ಸೆಫಾಜೋಲಿನ್ ಎಂಬ ಹಳೆಯ ಔಷಧಿ.

ಯಾಕೆ ಆ ಹೊತ್ತಿಗೇ? ನಮ್ಮ ಚರ್ಮದ ಮೇಲೆ ಯಾವಾಗಲೂ ರೋಗಾಣು ಇರುತ್ತವೆ. ಚರ್ಮ ಕೊಯ್ದು ಟ್ಯೂಬ್ ತೂರಿಸಿದಾಗ ಅವು ಒಳಗೆ ಹೋಗಬಹುದು. ಒಳಗೆ ನಿಂತ ರಕ್ತ ಅವಕ್ಕೆ ಒಳ್ಳೆಯ ಊಟ. ಅವು ಒಳಗೆ ಬರುವ ಹೊತ್ತಿಗೆ ಔಷಧಿ ರಕ್ತದಲ್ಲಿ ಕಾಯುತ್ತಿರಬೇಕು. ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಯೇ ಇಲ್ಲ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಯಾವಾಗ ಹೊಡೆಯುತ್ತೀರಿ? ಮಳೆ ಹಿಡಿಯುವ ಮೊದಲು ಅಲ್ವಾ? ಕೊಳೆ ಬಂದು ಕಾಯಿ ಉದುರಿದ ಮೇಲೆ ಎಷ್ಟು ಡ್ರಮ್ ಮೈಲುತುತ್ತ ಕಲಸಿದರೂ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಹಾಗಂತ ಇಂಜೆಕ್ಷನ್ ಸಿಗಲಿಲ್ಲ ಎಂದು ಟ್ಯೂಬ್ ಹಾಕುವುದನ್ನು ತಡ ಮಾಡಲೇಬಾರದು. ಉಸಿರು ಮೊದಲು.

ಈ ವಿಷಯದಲ್ಲಿ ವೈದ್ಯರೂ ಸುಮಾರು ವರ್ಷ ಚರ್ಚೆ ಮಾಡಿದ್ದಾರೆ. ಅಮೆರಿಕದಲ್ಲಿ ಈಸ್ಟ್ ಅಂತ ಗಾಯಚಿಕಿತ್ಸೆಯ ವೈದ್ಯರ ಸಂಘ ಇದೆ. 2000ದಲ್ಲಿ ಅವರು, ಆಂಟಿಬಯೋಟಿಕ್ ಕೊಟ್ಟರೂ 24 ಗಂಟೆ ಮೀರಬೇಡಿ ಎಂದರು. 2012ರಲ್ಲಿ ಕೊಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. 2022ರಲ್ಲಿ ಎಲ್ಲ ಅಧ್ಯಯನಗಳನ್ನು ಮತ್ತೆ ಸೇರಿಸಿ ನೋಡಿ, ಟ್ಯೂಬ್ ಹಾಕುವಾಗ ಕೊಡಿ, ಎದೆಯಲ್ಲಿ ಕೀವು ಆಗುವುದು ಕಡಿಮೆಯಾಗುತ್ತದೆ ಎಂದರು. ಇರಿತದಂಥ ಚುಚ್ಚಿದ ಗಾಯಗಳಲ್ಲಿ ಲಾಭ ಇನ್ನೂ ಜಾಸ್ತಿ.

ನಾನು ಮರೆಯದ ಒಂದು ಘಟನೆ ಹೇಳುತ್ತೇನೆ. ಒಂದು ಫೆಬ್ರವರಿ ಸಂಜೆ. ಹಾನುಬಾಳು ಕಡೆಯ ತೋಟದಿಂದ ಪಿಕಪ್ ಜೀಪಿನಲ್ಲಿ ಒಬ್ಬರನ್ನು ಕರೆತಂದರು. ಏಣಿಯಿಂದ ಕಲ್ಲಿನ ಮೇಲೆ ಬಿದ್ದಿದ್ದರು. ಎಡಗಡೆ ನಾಲ್ಕು ಪಕ್ಕೆಲುಬು ಮುರಿದಿದ್ದವು. ಮಾತಾಡಲು ಉಸಿರಿಲ್ಲ, ತುಟಿ ಒಣಗಿದೆ, ಎರಡು ಕೈಯಲ್ಲೂ ಮಂಚದ ಸರಳು ಹಿಡಿದುಕೊಂಡಿದ್ದಾರೆ. ಸಿಸ್ಟರ್ ಇಂಜೆಕ್ಷನ್ ಕೊಟ್ಟರು, ನಾನು ಟ್ಯೂಬ್ ಹಾಕಿದೆ. 800 ಎಂಎಲ್ ರಕ್ತ ಬಂತು. ಹತ್ತು ನಿಮಿಷಕ್ಕೆ ಆ ಮನುಷ್ಯ ತಲೆ ದಿಂಬಿಗೆ ಒರಗಿಸಿ, "ಅಕ್ಕಾ, ನೀರು" ಅಂದರು. ಅವರ ಜೊತೆ ಬಂದಿದ್ದು ಅವರ ಅಕ್ಕ, ಅಕ್ಕನ ಯಜಮಾನರು.

ಮಾರನೆಯ ದಿನ ಭಾವ ನನ್ನನ್ನು ವರಾಂಡದಲ್ಲೇ ಹಿಡಿದರು. "ಡಾಕ್ಟ್ರೇ, ಪಕ್ಕದ ಬೆಡ್ಡಿನವರಿಗೆ ದಿನಾ ಮೂರು ಹೊತ್ತು ಇಂಜೆಕ್ಷನ್ ಕೊಡ್ತಾರೆ. ನಮ್ಮ ಹುಡುಗನಿಗೆ ಒಂದೇ ಕೊಟ್ಟು ಬಿಟ್ಟಿದ್ದೀರಿ. ದುಡ್ಡಿನ ಯೋಚನೆ ಬೇಡಿ, ಪವರ್ ಇರೋದು ಬರೆದುಕೊಡಿ." ಪಕ್ಕದ ಬೆಡ್ಡಿನವರಿಗೆ ಆಗಲೇ ಕೀವಾಗಿತ್ತು, ಅದು ಬೇರೆ ಲೆಕ್ಕ ಎಂದೆ. ಅವರು ಬಿಡಲಿಲ್ಲ. "ಕೋರ್ಸ್ ಮುಗಿಸಬೇಕು ಅಂತ ನೀವೇ ಹೇಳ್ತೀರಲ್ಲ ಸಾರ್?" ಪ್ರಶ್ನೆ ಸರಿಯಾಗಿಯೇ ಇತ್ತು. ರೋಗ ಬಂದಾಗ ವೈದ್ಯರು ಹೇಳಿದಷ್ಟು ದಿನ ಔಷಧಿ ತೆಗೆದುಕೊಳ್ಳಬೇಕು. ಇಲ್ಲಿ ರೋಗವೇ ಬಂದಿಲ್ಲ. ಇದು ಬಾಗಿಲಲ್ಲಿ ತಡೆಯುವ ಔಷಧಿ, ಬಾಗಿಲು ತೆರೆದ ಹೊತ್ತಿಗೆ ಕೊಟ್ಟಾಗಿದೆ. ಇದಕ್ಕೆ ಕೋರ್ಸ್ ಇಲ್ಲ.

ಮಾತಾಡುತ್ತಲೇ ವಾರ್ಡಿಗೆ ಹೋದೆವು. ನೋಡಿದರೆ ರೋಗಿ ಟ್ಯೂಬಿನ ಮೇಲೇ ಮಲಗಿದ್ದಾರೆ. ಟ್ಯೂಬ್ ಮಡಚಿಕೊಂಡಿದೆ. ಬಾಟಲಿಯಲ್ಲಿ ಮುಳುಗಿಸಿದ ಕೊಳವೆಯೊಳಗಿನ ನೀರು ಅಲ್ಲಾಡುತ್ತಲೇ ಇಲ್ಲ. ಉಸಿರು ಎಳೆದಾಗ ಆ ನೀರು ಮೇಲೆ ಬರಬೇಕು, ಬಿಟ್ಟಾಗ ಇಳಿಯಬೇಕು. ನೋವಿಗೆ ಹೆದರಿ ಅವರು ರಾತ್ರಿಯಿಡೀ ಒಂದು ಸಲವೂ ಕೆಮ್ಮಿರಲಿಲ್ಲ. ಒಳಗೆ ರಕ್ತ ನಿಂತರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ರಕ್ತದಲ್ಲೇ ಕೀವು ಹುಟ್ಟುವುದು, ಅಲ್ಲಿಗೆ ಯಾವ ಪವರ್ ಇಂಜೆಕ್ಷನ್ನೂ ಸರಿಯಾಗಿ ತಲುಪುವುದಿಲ್ಲ. ಟ್ಯೂಬ್ ನೆಟ್ಟಗೆ ಮಾಡಿದೆ. ನೋವಿಗೆ ಔಷಧಿ ಹೆಚ್ಚಿಸಿದೆ. ಒಂದು ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು ಜೋರಾಗಿ ಕೆಮ್ಮಿ ಎಂದೆ. ಕೆಮ್ಮಿದರು. 200 ಎಂಎಲ್ ರಕ್ತ ಸರ್ರನೆ ಬಾಟಲಿಗೆ ಇಳಿಯಿತು. ಭಾವ ಅದನ್ನು ನೋಡುತ್ತಾ ನಿಂತುಬಿಟ್ಟರು. ಆಮೇಲೆ ಇಂಜೆಕ್ಷನ್ ಮಾತು ಎತ್ತಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಆ ಅಕ್ಕನದೇ ಕೆಲಸ. ಓದು ಬರಹ ಬಾರದ ಹೆಂಗಸು. ಗಂಟೆಗೊಂದು ಸಲ ತಮ್ಮನನ್ನು ಎಬ್ಬಿಸಿ ಕೂರಿಸುವುದು, ಕೆಮ್ಮಿಸುವುದು, ಬಾಟಲಿ ಕೆಳಗೆ ಹಿಡಿದುಕೊಂಡು ವರಾಂಡದಲ್ಲಿ ನಡೆಸುವುದು. ನಾನು ರೌಂಡ್ಸಿಗೆ ಹೋದರೆ ಮೊದಲೇ ಹೇಳೋರು, "ನೀರು ಆಡ್ತಾ ಇದೆ ಡಾಕ್ಟ್ರೇ." ಐದನೇ ದಿನ ಎಕ್ಸ್‌ರೇ ತೆಗೆಸಿದೆ. ಶ್ವಾಸಕೋಶ ಪೂರ್ತಿ ಅರಳಿತ್ತು. ಟ್ಯೂಬ್ ತೆಗೆದೆ. ಜ್ವರ ಇಲ್ಲ, ಕೀವು ಇಲ್ಲ. ಕೊಟ್ಟ ಆಂಟಿಬಯೋಟಿಕ್ ಮಾತ್ರ ಅದೇ ಒಂದು.

ಸಮಯ ಕಡಿಮೆ ಇದೆ ಎಂದು ಸನ್ನೆ ಮಾಡುತ್ತಿದ್ದಾರೆ. ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಸುಮ್ನೆ ದಿನಗಟ್ಟಲೆ ಆಂಟಿಬಯೋಟಿಕ್ ಕೊಟ್ಟರೆ ಭೇದಿಯಾಗುತ್ತದೆ, ರೋಗಾಣುಗಳು ಔಷಧಿಗೆ ಬಗ್ಗದೆ ಗಟ್ಟಿಯಾಗುತ್ತವೆ, ನಿಜವಾಗಿ ಬೇಕಾದ ದಿನ ಅದೇ ಔಷಧಿ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ನೋಡಿರುತ್ತೀರಿ. ವೈದ್ಯರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬೇಡಿ ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದರ ಬಗ್ಗೆ ಪ್ರಚಾರವನ್ನೇ ಮಾಡಿತು. ಆದರೂ ಜನ ಕೇಳುತ್ತಾರೆ, ಅಂಗಡಿಯವರು ಕೊಡುತ್ತಾರೆ. ದಯವಿಟ್ಟು ನಿಲ್ಲಿಸಿ.

ತಾಲೂಕು ಆಸ್ಪತ್ರೆಗಳಲ್ಲಿ ಕೂತು ಕೇಳುತ್ತಿರುವ ಕಿರಿಯ ವೈದ್ಯರಿಗೂ ಒಂದು ಮಾತು. ಮನೆಯವರ ಒತ್ತಾಯಕ್ಕೆ ಏಳು ದಿನ ಬರೆಯಬೇಡಿ. ಇಂಜೆಕ್ಷನ್ ಕೊಟ್ಟ ಗಂಟೆಯನ್ನು ರೆಫರ್ ಚೀಟಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಗದೆ ಮತ್ತೆ ಶುರು ಮಾಡುತ್ತಾರೆ. ಕೈ ತೊಳೆದು, ಗ್ಲೌಸ್ ಹಾಕಿ, ಚರ್ಮ ಚೆನ್ನಾಗಿ ಶುದ್ಧ ಮಾಡಿಯೇ ಟ್ಯೂಬ್ ಹಾಕಿ.

ಮನೆಯವರು ಮಾಡಬೇಕಾದದ್ದು ಇಷ್ಟು. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿದ್ದರೆ ಮೊದಲೇ ಹೇಳಿ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಎಂದೂ ಹೇಳಿ. ಟ್ಯೂಬ್ ಹಾಕಿದವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗುವಾಗ ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ ಇರಲಿ. ಮೇಲೆತ್ತಿದರೆ ಬಾಟಲಿಯ ನೀರು ಎದೆಯೊಳಗೆ ಹೋಗುತ್ತದೆ. ಗುಳ್ಳೆ ಬರುತ್ತಿದೆ ಎಂದು ಹೆದರಿ ಟ್ಯೂಬನ್ನು ಮಡಚಿ ಹಿಡಿಯಬೇಡಿ, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತಿರುವಿನಲ್ಲಿ ಬಾಟಲಿ ಉರುಳದ ಹಾಗೆ ಒಬ್ಬರು ಅದನ್ನೇ ನೋಡಿಕೊಳ್ಳುತ್ತಾ ಕೂತಿರಿ. ನಮಸ್ಕಾರ.