ಪ್ರತಿ ರಾತ್ರಿ ಹೊಸ ಕ್ಲಸ್ಟರ್

ಕೇಳುಗರಿಗೆ ನಮಸ್ಕಾರ.

ನಮ್ಮ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಆಗುಂಬೆಯಲ್ಲಿ ಎಷ್ಟು ಸುರಿಯಿತು ಅಂತ ಇಲ್ಲೇ ಕೂತು ನೋಡಬಹುದು. ಇದರ ನೂರಾರು ಪಟ್ಟು ದೊಡ್ಡ ರಾಶಿ ಬಂದರೆ ಒಂದು ಕಂಪ್ಯೂಟರ್ ಸಾಲದು. ಆಗ ಹಲವು ಯಂತ್ರಗಳನ್ನು ಒಟ್ಟಿಗೆ ದುಡಿಸುವ ಹಡೂಪ್ ಎಂಬ ತಂತ್ರಾಂಶ ಬೇಕು. ಹಾಗೆ ಒಟ್ಟುಗೂಡಿದ ಯಂತ್ರಗಳ ಗುಂಪೇ ಕ್ಲಸ್ಟರ್. ಅದು ಕಡತವನ್ನು 128 ಎಂಬಿ ತುಂಡುಗಳಾಗಿ ಮಾಡಿ, ಒಂದೊಂದು ತುಂಡನ್ನೂ 3 ಯಂತ್ರಗಳಲ್ಲಿ ಇಡುತ್ತದೆ. ಅದರ ಮೇಲೆ ಕೂರುವ ಬೇರೆ ತಂತ್ರಾಂಶಗಳು: ಕೋಷ್ಟಕ ಮಾಡಿ ಪ್ರಶ್ನೆ ಕೇಳಲು ಹೈವ್, ಬೇಗ ಲೆಕ್ಕ ಹಾಕಲು ಸ್ಪಾರ್ಕ್, ಸಾಲುಗಳನ್ನು ಕೂಡಿಡಲು ಎಚ್‌ಬೇಸ್. ಇವನ್ನೆಲ್ಲ ಬರೆಯುವ ತಂಡಗಳು ಬೇರೆ ಬೇರೆ. ಹೊಸ ಆವೃತ್ತಿ ಬಿಡುವ ಹೊತ್ತೂ ಬೇರೆ ಬೇರೆ.

ತಕರಾರು ಹುಟ್ಟುವುದು ಅಲ್ಲೇ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕೂತು ಒಮ್ಮೆ ಹಡೂಪ್ 3.2.1ರ ಜೊತೆ ಹೈವ್ 3.1.2 ಹಾಕಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಗ್ರಾಹಕರ ಯಂತ್ರಗಳಲ್ಲಿ ಹೈವ್ ಏಳಲೇ ಇಲ್ಲ. ಪರದೆ ಮೇಲೆ ಒಂದೇ ಸಾಲು: ನೋ ಸಚ್ ಮೆಥಡ್ ಎರರ್. ಅಂದರೆ ಕರೆದ ಮೆಥಡ್, ಒಂದು ಕೆಲಸ ಮಾಡುವ ಕೋಡಿನ ತುಣುಕು, ಅಲ್ಲಿಲ್ಲ. ಹುಡುಕುವುದರಲ್ಲಿ ಎರಡು ರಾತ್ರಿ ಹೋಯಿತು. ಗ್ವಾವ ಎಂಬ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಎರಡೂ ಬಳಸುತ್ತವೆ. ಹಡೂಪಿಗೆ ಬೇಕಾದದ್ದು 27ನೇ ಆವೃತ್ತಿ, ಹೈವ್ ಹೊತ್ತು ತಂದದ್ದು 19. ಹಡೂಪ್ ಕರೆಯುವ ಮೆಥಡ್ ಆ ಹಳೆಯದರಲ್ಲಿ ಇಲ್ಲ. ಹಾಗಾದರೆ ನನ್ನಲ್ಲಿ ಹೇಗೆ ಓಡಿತು? ತಿಂಗಳುಗಳ ಹಿಂದೆ ನಾನೇ ಗ್ವಾವದ ಹೊಸ ಜಾರ್ ಕಡತವನ್ನು ಕೈಯಾರೆ ಹಾಕಿ ಮರೆತಿದ್ದೆ.

ಅಂದಿನಿಂದ ಹಳೇ ಯಂತ್ರದ ಮೇಲಿನ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಕ್ಲಸ್ಟರನ್ನು ಉಳಿಸಿಕೊಂಡರೆ ಖರ್ಚು ಕಡಿಮೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಉಳಿದ ಕ್ಲಸ್ಟರಿನಲ್ಲಿ ಯಾರದೋ ಕೈಚಳಕವೂ ಉಳಿದಿರುತ್ತದೆ.

ಅಪಾಚೆ ಬಿಗ್‌ಟಾಪ್ ಎಂಬ ಮುಕ್ತ ತಂತ್ರಾಂಶ ಯೋಜನೆ ಇರುವುದೇ ಇವನ್ನೆಲ್ಲ ಹೊಂದಿಸಿ, ಒಟ್ಟಿಗೆ ಓಡುತ್ತವೆಯೇ ಎಂದು ಪರೀಕ್ಷಿಸುವ ಕೆಲಸಕ್ಕೆ. ನಡುರಾತ್ರಿ ಡಾಕರ್ ಎಂಬ ತಂತ್ರಾಂಶದಲ್ಲಿ ಮೂರು ಖಾಲಿ ಕಂಟೇನರ್, ಅಂದರೆ ಪುಟ್ಟ ಬೇರೆ ಬೇರೆ ಯಂತ್ರಗಳಂಥವು, ಏಳುತ್ತವೆ. ಪಪೆಟ್ ಎಂಬ ಸಾಧನ ಒಂದೊಂದಾಗಿ ಎಲ್ಲವನ್ನೂ ಹಾಕುತ್ತದೆ. ಆಮೇಲೆ ಸ್ಮೋಕ್ ಟೆಸ್ಟ್: ಕಡತ ಬರೆದು ಮತ್ತೆ ಓದುವುದು, ಹೈವ್‌ನಲ್ಲಿ ಕೋಷ್ಟಕ ಮಾಡಿ ಸಾಲುಗಳನ್ನು ಎಣಿಸುವುದು. ಲಿನಕ್ಸಿನ ಎರಡು ಬಗೆಗಳಾದ ಉಬುಂಟು ಮೇಲೊಮ್ಮೆ, ಡೆಬಿಯನ್ ಮೇಲೊಮ್ಮೆ. ಮುಗಿದ ಮೇಲೆ ಎಲ್ಲವನ್ನೂ ಅಳಿಸಿಬಿಡುವುದು. ಸಣ್ಣ ಬದಲಾವಣೆಯೂ ಇದರಲ್ಲಿ ಸಿಕ್ಕಿಬೀಳುತ್ತದೆ. ಹಡೂಪ್ 3ರಲ್ಲಿ ಯಾವ ತುಂಡು ಎಲ್ಲಿದೆ ಎಂದು ಲೆಕ್ಕ ಇಡುವ ನೇಮ್‌ನೋಡ್‌ನ ವೆಬ್ ಪುಟ ತೆರೆಯುವ ಪೋರ್ಟ್ ಸಂಖ್ಯೆ 50070 ಹೋಗಿ 9870 ಆಯಿತು. ಹಳೇ ಸಂಖ್ಯೆ ಬರೆದಿಟ್ಟುಕೊಂಡ ಸ್ಕ್ರಿಪ್ಟುಗಳು ಮೊದಲ ರಾತ್ರಿಯೇ ಬಾಯಿಬಿಡುತ್ತವೆ.

ನಿನ್ನೆ ರಾತ್ರಿ ಮಳೆಗೆ ನಮ್ಮಲ್ಲಿ ಕರೆಂಟು ಹೋಗಿತ್ತು. ದೂರದ ಡೇಟಾ ಸೆಂಟರಿನಲ್ಲಿ ಪರೀಕ್ಷೆ ತನ್ನ ಪಾಡಿಗೆ ನಡೆದಿದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿದರೆ ಉಬುಂಟು ಎಲ್ಲ ಹಸಿರು, ಡೆಬಿಯನ್‌ನಲ್ಲಿ ಒಂದು ಕೆಂಪು. ಇಲ್ಲಿಂದ ಹೋದವನೇ ಅದರ ಲಾಗ್ ಓದಬೇಕು. ನಮಸ್ಕಾರ.