ಒಂದೇ ಲಕೋಟೆಯಲ್ಲಿ

ಕೇಳುಗರಿಗೆ ನಮಸ್ಕಾರ.

ಹಾಳೆಗಳ ಪ್ರತಿ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿದವರು ನಿಮ್ಮಲ್ಲಿ ಇನ್ನೂ ಕೆಲವರಾದರೂ ಇರಬೇಕು. ಟೈಪ್‌ರೈಟರಿನ ರಿಬ್ಬನ್ ಸರಿಸಿ, ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಬರಿಯ ಅಚ್ಚುಮೊಳೆ ಬಡಿಯಬೇಕಿತ್ತು. ತಪ್ಪಾದರೆ ಕೆಂಪು ದ್ರಾವಣ ಹಚ್ಚಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಬಡಿಯಬೇಕು. ಇಂಗ್ಲಿಷಿನ 'ಓ' ಅಕ್ಷರವನ್ನು ಕೊಂಚ ಜೋರಾಗಿ ಬಡಿದಿರೋ, ಅದರ ಹೊಟ್ಟೆಯೇ ಕಿತ್ತುಬಂದು ಕಾಗದದಲ್ಲಿ ಕಪ್ಪು ಚುಕ್ಕೆ ಮೂಡುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಚೇರಿಯ ಸುತ್ತೋಲೆಗಳನ್ನು ನಾನೂ ಹೀಗೇ ತೆಗೆದಿದ್ದೇನೆ. ಉಗುರಿನ ಸಂದಿಗೆ ಸೇರಿದ ಶಾಯಿ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಜೆ. ಮೈಕೆಲ್ ರೋಸನ್‌ಬ್ಲಮ್ ಅವರ ಬಗ್ಗೆ ಓದಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಅವರ ಕೈಬೆರಳುಗಳು.

ಇವರು ಇಂಗ್ಲೆಂಡಿನ ಲೀಡ್ಸ್ ನಗರದವರು, ವಿಜ್ಞಾನ ಕಥೆಗಳ ಅಭಿಮಾನಿ. 1930ರ ದಶಕದಲ್ಲಿ ಅಲ್ಲಿನ ಹುಡುಗರಿಗೆ ಈ ಹುಚ್ಚು ಹತ್ತಿಸಿದ್ದು ಅಮೆರಿಕದ ಅಗ್ಗದ ಮಾಸಪತ್ರಿಕೆಗಳು. ವೂಲ್‌ವರ್ತ್ ಅಂಗಡಿಯಲ್ಲಿ 3 ಪೆನ್ಸ್‌ಗೆ ಒಂದರಂತೆ ಹಳೆಯ ಸಂಚಿಕೆಗಳು ಸಿಗುತ್ತಿದ್ದವು. ಹಡಗು ಓಲಾಡದಿರಲೆಂದು ತಳದಲ್ಲಿ ಹೇರಿ ತಂದ ಭಾರವದು ಎಂದು ಜನ ಹೇಳಿಕೊಳ್ಳುತ್ತಿದ್ದರು. ಓದಿದವರಿಗೆ ಇನ್ನೊಬ್ಬರ ಹತ್ತಿರ ಮಾತಾಡುವ ಆಸೆ. ಊರಿಗೆ ಒಬ್ಬರೋ ಇಬ್ಬರೋ ಇದ್ದ ಈ ಹುಡುಗರು ಕಾಗದ ಬರೆದು ಒಬ್ಬರನ್ನೊಬ್ಬರು ಹುಡುಕಿಕೊಂಡರು. 1936ರಲ್ಲಿ ನನೀಟನ್ ಎಂಬ ಊರಿನಿಂದ 'ನೋವೇ ಟೆರೇ' ಎಂಬ ಅಭಿಮಾನಿ ಪತ್ರಿಕೆ ಹೊರಟಿತು. 1937ರ ಜನವರಿ 3, ಭಾನುವಾರ, ಲೀಡ್ಸ್‌ನ ಥಿಯಾಸಫಿಕಲ್ ಹಾಲ್‌ನಲ್ಲಿ ಒಂದು ಸಮ್ಮೇಳನವೇ ನಡೆಯಿತು. ಸೇರಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ, ಮುಂದೆ ಹೆಸರಾಂತ ವಿಜ್ಞಾನ ಕಥೆಗಾರರಾದ, ಹತ್ತೊಂಬತ್ತರ ಹರೆಯದ ಆರ್ಥರ್ ಸಿ. ಕ್ಲಾರ್ಕ್ ಒಬ್ಬರು.

ಅಷ್ಟರಲ್ಲಿ ಯುದ್ಧ ಬಂತು. ಹುಡುಗರು ಸೈನ್ಯಕ್ಕೆ, ವಾಯುಪಡೆಗೆ ಹೋದರು. ಅವರು ಕಟ್ಟಿಕೊಂಡಿದ್ದ ಅಭಿಮಾನಿ ಸಂಘ ನಿಂತುಹೋಯಿತು. ಕಾಗದಕ್ಕೆ ರೇಷನ್ ಬಂತು, ಅಮೆರಿಕದ ಪತ್ರಿಕೆಗಳ ಆಮದಿಗೂ ತಡೆ ಬಿತ್ತು. ನಾಲ್ಕಾರು ವರ್ಷದಲ್ಲಿ ಕಟ್ಟಿದ್ದ ನಂಟು ನಾಲ್ಕಾರು ತಿಂಗಳಲ್ಲಿ ಚದುರಿಹೋಗುವಂತಿತ್ತು.

ರೋಸನ್‌ಬ್ಲಮ್ ಯುದ್ಧಕ್ಕೆ ಹೋಗಲಿಲ್ಲ. ಆಯುಧ ಹಿಡಿಯಲು ತಮ್ಮ ಆತ್ಮಸಾಕ್ಷಿ ಒಪ್ಪದು ಎಂದು ನಿಂತರು. ಬಾಂಬು ಬೀಳುತ್ತಿರುವ ದೇಶದಲ್ಲಿ ಹಾಗೆ ಹೇಳಲು ಎಂಟೆದೆ ಬೇಕು. ಅದರ ಬದಲಿಗೆ ಅವರು ಹೊಲದ ಕೆಲಸ ಮಾಡಿದರು. ಮಣ್ಣಿನ ಆ ಕೆಲಸ ಮುಗಿಸಿಕೊಂಡು ಪತ್ರಿಕೆಗೆ ಕೂರುತ್ತಿದ್ದರು. 1940ರ ಅಕ್ಟೋಬರಿನಲ್ಲಿ ಅವರು ಹೊರಡಿಸಿದ ಸೈಕ್ಲೋಸ್ಟೈಲ್ ಪತ್ರಿಕೆಯ ಹೆಸರು 'ಫ್ಯೂಚೂರಿಯನ್ ವಾರ್ ಡೈಜೆಸ್ಟ್'. ಅಭಿಮಾನಿಗಳ ಬಾಯಲ್ಲಿ ಅದು 'ಫಿಡೋ'. ಇಂಗ್ಲಿಷರು ನಾಯಿಗೆ ಇಡುವ ಹೆಸರದು, ನಮ್ಮಲ್ಲಿ ಕರಿಯ, ಟಾಮಿ ಅಂದ ಹಾಗೆ.

ಅದರಲ್ಲಿ ಇರುತ್ತಿದ್ದದ್ದೇನು? ಯಾರು ಎಲ್ಲಿಗೆ ವರ್ಗವಾದರು, ಯಾರ ವಿಳಾಸ ಬದಲಾಯಿತು, ಯಾವ ಪುಸ್ತಕ ಬಂತು. ಮದುವೆಮನೆಯಲ್ಲಿ ನೆಂಟರು ಕೇಳಿಕೊಳ್ಳುವಂಥ ಸುದ್ದಿ. ಆದರೆ ಮನೆ ಬಿಟ್ಟು ಯಾವುದೋ ಶಿಬಿರದಲ್ಲಿ ಮಲಗಿದವನಿಗೆ, ತನ್ನಂಥವರು ಇನ್ನೂ ಇದ್ದಾರೆ ಎಂಬ ಸುದ್ದಿಗಿಂತ ದೊಡ್ಡ ಸುದ್ದಿ ಬೇರೆ ಉಂಟೆ? ಸೈನಿಕರಾಗಿ ಉತ್ತರ ಆಫ್ರಿಕಾದಲ್ಲೂ ಇಟಲಿಯಲ್ಲೂ ಇದ್ದ ಲೇಖಕ ವಿಲಿಯಂ ಟೆಂಪಲ್ ತಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಯುದ್ಧಭೂಮಿಯಲ್ಲಿ ಎರಡು ಸಲ ಕಳೆದುಕೊಂಡೂ ಮತ್ತೆ ಬರೆದರು. ಇಂಥವರ ಬಳಗ ಅದು. ಬಂದೂಕು ಒಲ್ಲೆನೆಂದವನು ಬಂದೂಕು ಹಿಡಿದವರ ವಿಳಾಸಗಳನ್ನು ಜೋಪಾನ ಮಾಡಿಕೊಂಡು ಬಂದ. ಅವರೂ ಅವನ ಪತ್ರಿಕೆಗೆ ಕಾದರು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಇನ್ನೊಂದು ಕೆಲಸವನ್ನು ಹೇಳಲೇಬೇಕು. ಬೇರೆ ಊರಿನ ಅಭಿಮಾನಿಗಳೂ ಒಂದೆರಡು ಪುಟದ ಸಣ್ಣ ಪತ್ರಿಕೆ ತೆಗೆಯುತ್ತಿದ್ದರು. ಅವನ್ನು ಹಂಚುವ ಅನುಕೂಲ ಎಲ್ಲರಿಗೂ ಇರಲಿಲ್ಲ. ರೋಸನ್‌ಬ್ಲಮ್ ಅವನ್ನೆಲ್ಲ ತರಿಸಿಕೊಂಡು, ಫಿಡೋ ಜೊತೆಯಲ್ಲೇ ಮಡಚಿಟ್ಟು, ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದರು. ಲಕೋಟೆ ಒಡೆದರೆ ನಾಲ್ಕಾರು ಗೆಳೆಯರ ಮಾತು ಒಟ್ಟಿಗೇ ಕೈಗೆ ಬೀಳುತ್ತಿತ್ತು. ಹೊಲದಿಂದ ಬಂದ ಕೈಯಲ್ಲಿ ಹಾಳೆ ಜೋಡಿಸುವುದು, ವಿಳಾಸ ಬರೆಯುವುದು, ಅಂಚೆಗೆ ಹಾಕುವುದು, ಮುಂದಿನ ಸಂಚಿಕೆಗೆ ಕಾಗದ ಹೊಂದಿಸುವುದು. ಹೀಗೆ 39 ಸಂಚಿಕೆಗಳು ಬಂದವು. ಬ್ರಿಟನ್ನಿನ ವಿಜ್ಞಾನ ಕಥೆಯ ಚರಿತ್ರೆಯಲ್ಲಿ ಕ್ಲಾರ್ಕ್‌ಗೆ ಸಿಕ್ಕ ಜಾಗ ಇವರಿಗೆ ಸಿಗಲಿಲ್ಲ, ಸಿಗಬೇಕಾದ್ದೂ ಇಲ್ಲವೇನೋ. ಆದರೆ ಯುದ್ಧ ಮುಗಿಸಿ ಬಂದವರಿಗೆ ತಮ್ಮ ಬಳಗ ಇದ್ದಲ್ಲೇ ಸಿಕ್ಕಿತಲ್ಲ, ಅದರಲ್ಲಿ ಈ 39 ಸಂಚಿಕೆಗಳ ಪಾಲು ದೊಡ್ಡದು.

ಕೊನೆಯ ಫಿಡೋ ಬಂದದ್ದು 1945ರ ಮಾರ್ಚಿನಲ್ಲಿ. ಎರಡು ತಿಂಗಳಿಗೆ ಯೂರೋಪಿನ ಯುದ್ಧ ಮುಗಿಯಿತು. ಸುಮಾರು ಒಂಬತ್ತು ವರ್ಷ ಕಳೆದು, 1954ರಲ್ಲಿ, ಲೀಡ್ಸ್‌ನ ಆ ಮನುಷ್ಯ ಇನ್ನೊಂದು ಅಭಿಮಾನಿ ಪತ್ರಿಕೆಗೆ ಕೈಹಾಕಿದರು. ಅದಕ್ಕಿಟ್ಟ ಹೆಸರು 'ದಿ ನ್ಯೂ ಫ್ಯೂಚೂರಿಯನ್'.

ನಮಸ್ಕಾರ.